ಮೂಗು ತಿರುಗಿದ ಕಡೆ

ಇದರಲ್ಲಿ ಸುಳ್ಳೆಂದರೆ ಅಂಕಿಗಳು ಮಾತ್ರ, ಮಿಕ್ಕದ್ದೆಲ್ಲ ನಡೆದದ್ದೇ. ಆ ಅಂಕಿಗಳನ್ನು ಬರೆದವನನ್ನು ಪ್ರಯೋಗಾಲಯದವರು ಬೆನ್ನ ಹಿಂದೆ ಗಡಿಯಾರ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷಗಳಿಂದ ಅವನ ಕೆಲಸ ಒಂದೇ: ಎಡಗೈಯಲ್ಲೊಂದು ಬಲಗೈಯಲ್ಲೊಂದು ಸ್ಟಾಪ್‌ವಾಚ್ ಹಿಡಿದು, ಇಲಿಯ ಮೂಗು ಯಾವ ಕಡೆ ಎಷ್ಟು ಹೊತ್ತು ತಿರುಗಿತು ಎಂದು ಅಳೆಯುವುದು. ಅಡ್ಡಹೆಸರು ಅವನಿಗೆ ಗೊತ್ತಿತ್ತು. ಇಟ್ಟವರ ಬಗ್ಗೆ ಅವನಿಗಿದ್ದ ತಿರಸ್ಕಾರದ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲದ್ದರಿಂದ ಸುಮ್ಮನಿದ್ದ. ಗಡಿಯಾರಕ್ಕಾದರೂ ಎರಡು ಮುಳ್ಳಿವೆ, ಈ ಜನಕ್ಕೆ ಬೆನ್ನಿನಲ್ಲಿ ಮೂಳೆಯೇ ಇಲ್ಲ ಎಂಬುದು ಅವನು ತನ್ನಷ್ಟಕ್ಕೆ ಹೇಳಿಕೊಂಡು ತಾನೇ ಮೆಚ್ಚಿಕೊಂಡಿದ್ದ ಮಾತು.

ಆ ದಿನ ಬೆಳಿಗ್ಗೆ ಅವನು ಮನೆಯ ಊಟದ ಮೇಜಿನ ಮೇಲೆ ಎರಡು ಸ್ಟೀಲ್ ಲೋಟ ಇಟ್ಟು ಅಣ್ಣನನ್ನು ಕೂರಿಸಿದ. ಒಂದೇ ಅಳತೆ, ಒಂದೇ ಹೊಳಪು, ಎರಡರಲ್ಲೂ ನೀರು. ಅಣ್ಣ ಎರಡನ್ನೂ ನೋಡಿದ, ಒಂದರಿಂದ ಗುಟುಕು ಕುಡಿದ, ಎದ್ದು ಸ್ನಾನಕ್ಕೆ ಹೋದ. ಬರುವಷ್ಟರಲ್ಲಿ ಇವನು ಒಂದು ಲೋಟ ತೆಗೆದು ಆ ಜಾಗದಲ್ಲಿ ಹಿಡಿಯಿರುವ ಪಿಂಗಾಣಿ ಕಪ್ಪು ಇಟ್ಟಿದ್ದ. ಅಣ್ಣ ಒದ್ದೆ ಕೂದಲಲ್ಲೇ ಬಂದು ಕೂತ. ಇವನು ಉಸಿರು ಬಿಗಿಹಿಡಿದ. ಅಣ್ಣನ ಕಣ್ಣು ಮೇಜಿನ ಅಂಚಿನಿಂದ ತಮ್ಮನ ಮುಖಕ್ಕೆ ಬಂದು, ಅಲ್ಲಿಂದ ಕಪ್ಪಿಗೆ ಇಳಿದು ಅಲ್ಲೇ ನಿಂತಿತು. ಇವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಹೊಸದು ಹದಿನಾಲ್ಕು ಸೆಕೆಂಡು, ಹಳೆಯದು ನಾಲ್ಕು. ಎರಡು ತಿಂಗಳ ಹಿಂದೆ ಏಳಕ್ಕೆ ಏಳು ಇತ್ತು. ನೆನಪಿರುವ ಪ್ರಾಣಿ ಕಂಡದ್ದನ್ನು ಬಿಟ್ಟು ಕಾಣದ್ದನ್ನು ನೋಡುತ್ತದೆ; ನೆನಪಿಲ್ಲದ ಪ್ರಾಣಿಗೆ ಎಲ್ಲವೂ ಹೊಸದೇ, ಹಾಗಾಗಿ ಎರಡನ್ನೂ ಸರಿಸಮ ಮೂಸುತ್ತದೆ. ಅವನ ವಿದ್ಯೆಯೆಲ್ಲ ನಿಂತಿದ್ದದ್ದು ಇಷ್ಟರ ಮೇಲೆ. ಇಲಿಗೆ ಸಲ್ಲುವುದು ಅಣ್ಣನಿಗೆ ಯಾಕೆ ಸಲ್ಲಬಾರದು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಅಣ್ಣನಿಗೆ ಸಲ್ಲುವ ಮರ್ಯಾದೆಯೇ ಬೇರೆ ಎಂದು ಅತ್ತಿಗೆ ಮಾತ್ರ ಒಮ್ಮೆ ಅಂದಿದ್ದಳು.

"ಮುಗೀತಾ ನಿನ್ನ ಲೋಟದಾಟ?" ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ನಿಮ್ಮಣ್ಣನಿಗೆ ತಿಂಡಿ ಕೊಡ್ಲಾ, ಇಲ್ಲಾ ಇನ್ನೂ ಏನಾದ್ರೂ ಮೂಸೋದಿದ್ಯಾ?"

"ತಮಾಷೆ ಮಾಡ್ಬೇಡಿ ಅತ್ತಿಗೆ. ಎಷ್ಟು ಚೆನ್ನಾಗಿ ಬರ್ತಿದೆ ಗೊತ್ತಾ?"

"ಗೊತ್ತಿಲ್ಲ. ನಾನು ಓದಿದೋಳಲ್ಲ. ನಾಳೆ ಡಾಕ್ಟರ್ ಹತ್ರ ಹೋಗ್ಬೇಕು, ಅಷ್ಟು ಗೊತ್ತು. ಹೊಸ ಮಾತ್ರೆನಾ ಹಳೇದಾ, ಇವತ್ತು ಹೇಳ್ತೀನಿ ಅಂದಿದ್ದೆ ನೀನು."

"ಇವತ್ತು ಇಲಿಗಳ ನಾಲ್ಕನೇ ತಂಡ ಮುಗಿಯತ್ತೆ. ಸಂಜೆ ಹೇಳ್ತೀನಿ."

"ಇಲಿ ನಿಂಗೆ ಹೇಳತ್ತೆ, ನೀನು ನಂಗೆ ಹೇಳ್ತೀಯ. ಆಗ್ಲಿ. ನಂಗೂ ನಿಂಗೆ ಹೇಳೋದೊಂದಿದೆ. ಬೇಗ ಬಾ."

ಏನೆಂದು ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಹಳೆಯ ಮಾತ್ರೆಯ ಹಳೆಯ ರಾಗ. ಬಸ್ ನಿಲ್ದಾಣದವರೆಗಿನ ಕಾಲುದಾರಿಯಲ್ಲಿ ಮುಂದೆ ಹೋಗುತ್ತಿದ್ದವರ ಹಿಮ್ಮಡಿಗಳನ್ನು ನೋಡುತ್ತ ಅವನು ಅತ್ತಿಗೆಯನ್ನೂ ತನ್ನ ತಿರಸ್ಕಾರದ ಪಟ್ಟಿಗೆ ಸೇರಿಸಲು ಪ್ರಯತ್ನಿಸಿದ, ಆಗಲಿಲ್ಲ, ಅದಕ್ಕೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ಕಾಲೇಜಿನಲ್ಲಿ ಛಂದಸ್ಸು ಕಲಿಸಿದ ಮೇಷ್ಟ್ರು ಮೇಜು ಕುಟ್ಟಿ ಮಾತ್ರೆ ಎಣಿಸುತ್ತಿದ್ದರು, ಲಘುವಿಗೆ ಒಂದು, ಗುರುವಿಗೆ ಎರಡು. ಅಣ್ಣನ ಹದಿನಾಲ್ಕು ವರ್ಷ ಹಳೆಯ ಮಾತ್ರೆ ಗುರು: ನಾಲಿಗೆ ಭಾರ, ನಡಿಗೆ ಭಾರ, ನೆನಪಿನ ಮೇಲೆ ಕಲ್ಲು ಹೇರಿದ ಹಾಗೆ. ಹೊಸದು ಲಘು. ಸ್ಕಿಜೋಫ್ರೇನಿಯಾ ಎಂಬ ಆ ಉದ್ದದ ಹೆಸರನ್ನು ಡಾಕ್ಟರು ಮೊದಲ ಸಲ ಹೇಳಿದಾಗ ಕಾಗದಕ್ಕೆ ಸಹಿ ಹಾಕಿದವನು ಇವನೇ. ಅಪ್ಪ ಕೈ ನಡುಗುತ್ತದೆ ಎಂದು ಪೆನ್ನು ಇವನತ್ತ ತಳ್ಳಿದ್ದ. ಅಣ್ಣ ಆಗ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆಗಾರ. ಯಾವ ಬೀದಿಯ ಕೆಳಗೆ ಯಾವ ಕೊಳವೆ, ಯಾವ ತಿರುವಿನಲ್ಲಿ ಯಾವ ವಾಲ್ವು, ಬೆರಳು ತೋರಿಸಿ ಹೇಳುತ್ತಿದ್ದ, ಅಗೆದವರು ಒಂದು ಗೇಣು ಆಚೀಚೆ ಆಗದಂತೆ ಅಲ್ಲೇ ಕಾಣುತ್ತಿದ್ದರು. ಮಾತ್ರೆ ಶುರುವಾದ ಮೇಲೆ ಕಿವಿಯೊಳಗೆ ಮಾತಾಡುತ್ತಿದ್ದವರೆಲ್ಲ ಗಂಟುಮೂಟೆ ಕಟ್ಟಿದರು, ಹೋಗುವಾಗ ನಕ್ಷೆಗಳನ್ನೂ ಒಯ್ದರು. ನೆನೆಯುವುದು ಬಟ್ಟೆಗೂ ಇದೆ, ಮನಸ್ಸಿಗೂ ಇದೆ. ಅಣ್ಣನದು ಬಿಸಿಲಿಗೆ ಹಾಕಿ ಮರೆತ ಬಟ್ಟೆಯ ಹಾಗೆ ಒಣಗಿ ಸೆಟೆದುಕೊಂಡಿತ್ತು. ಲೋಟ ಯಾವ ಕಪಾಟಿನಲ್ಲಿದೆ ಎಂದು ಮೂರು ಬಾಗಿಲು ತೆಗೆದು ನೋಡುತ್ತಿದ್ದ, ದಿನಾ.

ರೋಗದಿಂದ ಹೋದ ನೆನಪೋ, ಮದ್ದಿನಿಂದ ಹೋದ ನೆನಪೋ? ಈ ಒಂದು ಪ್ರಶ್ನೆಯಿಂದ ಪ್ರಯೋಗಾಲಯದ ಪ್ರೊಫೆಸರು ಇಪ್ಪತ್ತು ವರ್ಷ ಹೊಟ್ಟೆ ಹೊರೆದಿದ್ದರು. ಅವರ ಇಲಿಗಳು ಬಿಳಿ ಮೈಗೆ ಕಪ್ಪು ಟೊಪ್ಪಿಗೆ ಹಾಕಿದಂಥವು. ಒಂದು ವಾರ ಅವುಗಳಿಗೆ ತಲೆ ಕೆಡಿಸುವ ಮದ್ದು ಚುಚ್ಚುತ್ತಾರೆ. ಅಲ್ಲಿಗೆ ಇಲಿ ಅಣ್ಣನಂತಾಯಿತು ಎಂದು ಲೆಕ್ಕ. ಆಮೇಲೆ ಅರ್ಧ ಇಲಿಗಳಿಗೆ ಪರೀಕ್ಷೆಯ ಮಾತ್ರೆ ಕರಗಿಸಿದ ನೀರು, ಅರ್ಧಕ್ಕೆ ಬರೀ ಉಪ್ಪುನೀರು. ಆಮೇಲೆ ಮೊಣಕಾಲೆತ್ತರದ ಬೂದು ಪೆಟ್ಟಿಗೆಯಲ್ಲಿ ಎರಡು ಒಂದೇ ಥರದ ಮರಳು ತುಂಬಿದ ಸೀಸೆ. ಒಂದು ಗಂಟೆಯ ಬಳಿಕ ಒಂದು ಸೀಸೆಯ ಜಾಗದಲ್ಲಿ ಮರದ ತುಂಡು. ಮೂಗು ವಸ್ತುವಿನಿಂದ ಎರಡು ಬೆರಳಿನೊಳಗಿದ್ದು ಅದರ ಕಡೆಗೇ ತಿರುಗಿದ್ದರೆ ಮೂಸಿದಂತೆ; ಹತ್ತಿ ಕೂತರೆ, ಬೆನ್ನು ಉಜ್ಜಿದರೆ ಮೂಸಿದಂತಲ್ಲ. ಯಾವ ಇಲಿಗೆ ಯಾವ ನೀರು ಎಂಬುದು ಅಳೆಯುವವನಿಗೆ ಗೊತ್ತಿರಬಾರದು. ಆ ಪಟ್ಟಿ ಲಕೋಟೆಯೊಳಗೆ, ಲಕೋಟೆ ಪ್ರೊಫೆಸರ ಡ್ರಾಯರಿನೊಳಗೆ. ಗೊತ್ತಿಲ್ಲದಿರುವುದೇ ಅವನ ಅರ್ಹತೆ. ಇಷ್ಟು ಓದಿದವನಿಗೆ ಇಂಥ ಅರ್ಹತೆ!

ಮೊದಲನೆಯ ತಂಡದಲ್ಲಿ ಪಟ್ಟಿ ಕಣ್ಣಿಗೆ ಬಿದ್ದದ್ದು ನಿಜಕ್ಕೂ ಅಚಾನಕ್ಕಾಗಿ. ಸ್ಟೇಪ್ಲರ್ ಹುಡುಕುತ್ತ ಡ್ರಾಯರ್ ಎಳೆದಿದ್ದ, ಲಕೋಟೆಯ ಬಾಯಿ ಅಂಟಿರಲಿಲ್ಲ. ಎರಡನೆಯ ಮತ್ತು ಮೂರನೆಯ ತಂಡದಲ್ಲಿ ಅವನು ಸ್ಟೇಪ್ಲರ್ ಹುಡುಕಲಿಲ್ಲ. ತಾನು ಮೋಸ ಮಾಡಿದೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮೂಗು ಎರಡು ಬೆರಳಿನೊಳಗಿದೆಯೋ ಎರಡೂಕಾಲು ಬೆರಳಿಗೋ ಎಂಬ ಕ್ಷಣ ಪ್ರತಿ ಇಲಿಗೂ ಹತ್ತು ಸಲ ಬರುತ್ತದೆ, ಆಗ ಹೆಬ್ಬೆರಳು ಎಲ್ಲಿಗೆ ಬಾಗುತ್ತದೋ ಅಲ್ಲಿಗೆ ಬಾಗುತ್ತದೆ. ಮಾತ್ರೆ ಉಂಡ ಇಲಿ ಮರದ ತುಂಡಿನ ಬಳಿ ಸುಳಿದರೆ ಅದು ನೆನಪು. ಉಪ್ಪುನೀರಿನ ಇಲಿ ಸುಳಿದರೆ ಆಕಸ್ಮಿಕ. ಅಂಕೆಗಳಿಗೆ ಅಂಕೆ ಬೇಡವೇ, ಹಾಕುವವನು ತಾನು. ಮೂರು ತಂಡದ ಚಿತ್ರ ಮೆಟ್ಟಿಲಿನ ಹಾಗೆ ಚೊಕ್ಕವಾಗಿ ಬಂತು. ಆ ಚಿತ್ರದ ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಬೇರೆ ಕಾಯಿಲೆಗೆಂದು ಆಗಲೇ ಮಾರಾಟದಲ್ಲಿದ್ದ ಆ ಮಾತ್ರೆಯನ್ನು ಅಣ್ಣನಿಗೆ ಬರೆಸಿಕೊಂಡು ಬಂದವನೂ ತಾನೇ. ಡಾಕ್ಟರು ತಲೆ ಕೆರೆದುಕೊಂಡು, "ನಿಮಗೆ ಅಷ್ಟು ಖಾತ್ರಿ ಇದ್ರೆ ಎರಡು ತಿಂಗಳು ನೋಡೋಣ," ಎಂದಿದ್ದರು. ಆ ಖಾತ್ರಿ ಎಂಬ ಮಾತು ಅವನಿಗೆ ಬಡ್ತಿ ಸಿಕ್ಕಿದಷ್ಟು ಹಿತವಾಗಿತ್ತು.

ಮೊದಲ ಐದು ವಾರ ಚೆನ್ನಾಗಿರಲಿಲ್ಲ. ಅಣ್ಣ ಕನ್ನಡಿಗೆ ಟವೆಲು ಹೊದಿಸಿದ. ಗೋಡೆಗೆ ಕಿವಿಯಿಟ್ಟು ನಿಂತ. ಒಂದು ಮಧ್ಯಾಹ್ನ ತಮ್ಮನ ಮಣಿಕಟ್ಟು ಹಿಡಿದುಕೊಂಡು, "ಪಕ್ಕದ ಮನೆಯವರು ನನ್ನ ನಕ್ಷೆ ಗಟ್ಟಿಯಾಗಿ ಓದ್ತಿದಾರಲ್ಲಾ, ನಿಂಗೂ ಕೇಳ್ಸತ್ತಾ?" ಎಂದು ಕೇಳಿದ, ಕೇಳಿಸುತ್ತದೆ ಎಂದರೂ ಸರಿ ಕೇಳಿಸುವುದಿಲ್ಲ ಎಂದರೂ ಸರಿ ಏನಾದರೊಂದು ಹೇಳು ಎನ್ನುವ ಮುಖದಲ್ಲಿ. ಅವನ ಹಿಡಿತದ ಕೆಳಗಿದ್ದ ವಾಚಿನಲ್ಲಿ ಎಷ್ಟು ಗಂಟೆಯೆಂದು ಇವನು ನೋಡಿದ್ದ. ಅಷ್ಟೇ ಮಾಡಿದ್ದ. ಹಳೆಯ ಮಾತ್ರೆಗೇ ಹೋಗೋಣ ಎಂದು ಅತ್ತಿಗೆ ಅತ್ತಾಗ, ಇನ್ನೊಂದು ತಂಡ ಮುಗಿಯಲಿ, ಮದ್ದು ಮೈಗೆ ಹತ್ತಬೇಕು ಎಂದಿದ್ದ. ಹತ್ತಿತ್ತಲ್ಲ! ಮೂರು ವಾರದಿಂದ ಟವೆಲು ಬಚ್ಚಲಿಗೆ ಮರಳಿತ್ತು, ಅಣ್ಣ ನಿದ್ದೆ ಮಾಡುತ್ತಿದ್ದ, ನೋಟ್‌ಬುಕ್ಕಿನಲ್ಲಿ ಕಪ್ಪಿನ ಸೆಕೆಂಡುಗಳು ದಿನೇ ದಿನೇ ಏರುತ್ತಿದ್ದವು. ಇವತ್ತು ಇಲಿಗಳೂ ಹೂಂ ಎಂದುಬಿಟ್ಟರೆ ನಾಳೆ ಡಾಕ್ಟರ ಮುಂದೆ ಬೇರೆ ಮಾತಿರುವುದಿಲ್ಲ. ಇಲ್ಲದಿದ್ದರೆ ಅಣ್ಣ ಮತ್ತೆ ಆ ಕಲ್ಲಿನ ಕೆಳಗೆ. ಬಸ್ಸು ಬಂತು, ಕಂಡಕ್ಟರು ಚಿಲ್ಲರೆ ಇಲ್ಲವೇ ಎಂದು ಕೇಳಿದ ರೀತಿಗೆ ಅವನು ಇಡೀ ಸಾರಿಗೆ ಇಲಾಖೆಯನ್ನು ಹೀನೈಸಿದ, ಮನಸ್ಸಿನಲ್ಲಿ.

ಪ್ರಯೋಗಾಲಯದಲ್ಲಿ ಮರದ ಪುಡಿ, ಮೂತ್ರ ಮತ್ತು ಸ್ಪಿರಿಟ್ ಸೇರಿದ ವಾಸನೆ. ಕಾರಿಡಾರಿನಲ್ಲಿ ಗಿಣಿ ಸಿರಿಂಜುಗಳ ಟ್ರೇ ಹಿಡಿದು ಎದುರಾದಳು. ಇಲಿಗಳಿಗೆ ಚುಚ್ಚುವ ಕೆಲಸ ಅವಳದು. ಗಿಣಿ ಎಂಬುದು ಅವಳು ಯಾರ ದನಿಯನ್ನಾದರೂ ಬಾಯಲ್ಲಿ ಹಿಡಿದುಬಿಡುತ್ತಿದ್ದ ಕಾರಣಕ್ಕೆ ಬಂದ ಹೆಸರು. ಪ್ರೊಫೆಸರು, ಬಾಗಿಲು ಕಾಯುವವನು, ಕೀರಲುವ ಪಂಜರದ ಬಾಗಿಲು, ಎಲ್ಲ ಅವಳ ಗಂಟಲಲ್ಲಿದ್ದವು. ಹೋದ ತಿಂಗಳು ಚಹಾದ ಹೊತ್ತಿನಲ್ಲಿ ಇವನು ಎಲ್ಲರೆದುರು, ಚುಚ್ಚುವುದಕ್ಕೆ ಇಲಿಗಿಂತ ಹೆಚ್ಚು ಮಿದುಳು ಬೇಕಿಲ್ಲ ಎಂದಿದ್ದ. ಅವಳು ನಕ್ಕಿದ್ದಳು. ತಿರುಗಿ ಏನೂ ಅನ್ನಲಾರದ ಪೆದ್ದಿ ಎಂದುಕೊಂಡಿದ್ದ.

"ಗುಡ್ ಮಾರ್ನಿಂಗ್ ಗಡಿಯಾರ ಸಾರ್," ಎಂದಳು. ಎದುರಿಗೆ ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. "ಕೀ ಕೊಟ್ಟಿದೀರಾ ಇವತ್ತು?"

"ನಿನ್ನ ಕೆಲಸ ನೋಡ್ಕೋ."

"ನಂದು ಆಯ್ತು. ಹದಿನಾರೂ ಇಲಿ ಪೆಟ್ಟಿಗೆಗೆ ಹೋಗಿ ಬಂದ್ವು. ಹೊಸ ಕ್ಯಾಮೆರಾದಲ್ಲಿ ಎಲ್ಲಾ ಹಿಡಿದಿದೀನಿ. ನೀವಿನ್ನು ಕೂತು ಸಿನಿಮಾ ನೋಡಿ. ನಾಲ್ಕು ಗಂಟೆಗೆ ಪ್ರೊಫೆಸರ್ ಬಂದಿರ್ತಾರೆ."

ಅಳೆಯುವ ಕೋಣೆ ಕಪಾಟಿಗಿಂತ ತುಸು ದೊಡ್ಡದು. ಅವನು ಕುರ್ಚಿ ಎಳೆದುಕೊಂಡ, ಎರಡು ವಾಚುಗಳನ್ನೂ ಸೊನ್ನೆಗೆ ತಂದ, ಮತ್ತು ಕೂತೇ ಇದ್ದ. ಪ್ರೊಫೆಸರು ಈ ಸಲ ಊರಿಗೆ ಹೋಗುವಾಗ ಡ್ರಾಯರಿಗೆ ಬೀಗ ಹಾಕಿದ್ದರು. ನಿನ್ನೆ ಎಳೆದು ನೋಡಿದ್ದ. ಪಟ್ಟಿಯಿಲ್ಲದೆ ಹದಿನಾರು ಇಲಿ ಅಳೆಯುವುದೆಂದರೆ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ. ಹನ್ನೊಂದು ವರ್ಷದಲ್ಲಿ ಎಂಟು ವರ್ಷ ಅವನು ಹಾಗೇ ದಾಟಿದ್ದ ಎಂಬುದು ಈಗ ನಂಬಲಾಗದಂತಿತ್ತು. ಮೊದಲ ಇಲಿಯ ಚಿತ್ರ ಹಾಕಿದ. ಅದು ಮೂಲೆಯಲ್ಲಿ ಕೂತು ಮುಖ ತೊಳೆದುಕೊಂಡಿತು. ಸೀಸೆಯ ಬಳಿ ಹೋಯಿತು. ತುಂಡಿನ ಬಳಿ ಹೋಯಿತು. ನೀನು ಯಾರು? ಅಣ್ಣನೋ, ಅಣ್ಣನಲ್ಲದವನೋ? ಹೆಬ್ಬೆರಳುಗಳು ಎರಡೂ ಗುಂಡಿಗಳ ಮೇಲೆ ಬೆವರಿದವು. ಆಗ ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು.

"ಹಲೋ. ನಾನು ಕಣ್ರೀ," ಪ್ರೊಫೆಸರ ದನಿ, ಎರಡು ಸಲ ಗಂಟಲು ಸರಿಪಡಿಸಿಕೊಂಡು. "ರೈಲಿನಲ್ಲಿದೀನಿ. ಅಂದ್ರೆ, ಒಂದು ಅರ್ಥದಲ್ಲಿ ಇನ್ನೇನು ಬಂದೆ. ನೋಡಿ, ನನ್ನ ಡ್ರಾಯರಿನ ಕೀಲಿ ಪುಸ್ತಕದ ಕಪಾಟಿನ ಮೇಲಿದೆ. ಒಳಗಿರೋ ಲಕೋಟೆ ತೆಗೆದು ಕಬ್ಬಿಣದ ಬೀರುವಿನಲ್ಲಿಡಿ. ಸುರಕ್ಷಿತ ಅಂತ."

"ಆಗ್ಲಿ ಸಾರ್."

"ತೆರೀಬಾರ್ದು. ನಿಮಗೆ ಹೇಳ್ಬೇಕಾಗಿಲ್ಲ. ಅಂದ್ರೆ, ಒಂದು ಅರ್ಥದಲ್ಲಿ ಹೇಳ್ತಿದೀನಿ."

ರೈಲಿನ ಸದ್ದು ಒಂಚೂರೂ ಕೇಳಿಸಲಿಲ್ಲ. ಕಿಟಕಿ ಮುಚ್ಚಿದ ತಣ್ಣನೆಯ ಡಬ್ಬಿಯಲ್ಲಿ ಕಾಲು ಚಾಚಿ ಕೂತಿರಬೇಕು, ಸಂಸ್ಥೆಯ ಖರ್ಚಿನಲ್ಲಿ, ಎಂದು ಅವನು ತುಟಿ ಸೊಟ್ಟ ಮಾಡಿದ. ಒಂದು ಅರ್ಥದಲ್ಲಂತೆ! ಇಪ್ಪತ್ತು ವರ್ಷದಲ್ಲಿ ಆ ಮನುಷ್ಯನಿಗೆ ಎರಡನೆಯ ಅರ್ಥ ಸಿಕ್ಕಿಲ್ಲ. ಕೀಲಿ ಹೇಳಿದಲ್ಲೇ ಇತ್ತು, ಧೂಳಿನಲ್ಲಿ ತನ್ನದೇ ಅಚ್ಚು ಬಿಟ್ಟು. ಲಕೋಟೆಯ ಬಾಯಿ ಈ ಸಲ ಅಂಟಿಸಿತ್ತು. ಅವನು ಅದನ್ನು ಚಹಾದ ಕೆಟಲಿನ ಆವಿಗೆ ಹಿಡಿದ. ಒಂದು ಹೀನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವಾಗ ಬರುವ ನೆಮ್ಮದಿ ಮಾತ್ರ ಬಂತು. ಕಾಗದ ಬಿಡಿಸಿದ. ಒಂದು, ನಾಲ್ಕು, ಐದು, ಏಳು, ಹತ್ತು, ಹನ್ನೊಂದು, ಹದಿನಾಲ್ಕು, ಹದಿನಾರು: ಮಾತ್ರೆ. ಉಳಿದವು ಉಪ್ಪುನೀರು. ಮತ್ತೆ ಅಂಟಿಸಿ ಬೀರುವಿನಲ್ಲಿಟ್ಟ.

ಆಮೇಲೆ ಕೆಲಸ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಸಾಗಿತು. ಒಂದನೆಯ ಇಲಿ ಈಗ ನೋಡಿದರೆ ಎಷ್ಟು ಚುರುಕು, ಮೀಸೆ ಎಷ್ಟು ವಿವೇಕದಿಂದ ಅಲುಗುತ್ತಿದೆ! ತುಂಡಿನತ್ತ ಬಾಗಿತೆಂದರೆ ಬಾಗಿತು. ಎರಡನೆಯದು ಪೆದ್ದು. ಅದೂ ತುಂಡಿನ ಬಳಿಯೇ ಸುಳಿಯಿತು, ಆದರೆ ಆ ಸುಳಿದಾಟದಲ್ಲಿ ಅರ್ಥವಿರಲಿಲ್ಲ, ಮೂಗು ಒಂದು ಎಳೆಯಷ್ಟು ಓರೆಯಾಗಿತ್ತು, ಬಿಡು. ನಾಲ್ಕನೆಯದಕ್ಕೆ ಅವನು ಬಾಯಿ ಬಿಟ್ಟು ಭೇಷ್ ಎಂದ. ಏಳನೆಯದು ಮರದ ತುಂಡಿನ ಮೇಲೆ ಹತ್ತಿ ಹಿಕ್ಕೆ ಹಾಕಿತು. ಹತ್ತುವ ಮೊದಲು ಮೂಸಿತಲ್ಲ, ಆ ಮೂಸಿದ್ದನ್ನು ಉದಾರವಾಗಿ ಅಳೆದ. ಅವನಿಗೆ ಅಣ್ಣ ನೆನಪಾಗಲಿಲ್ಲ, ಅಥವಾ ಅಣ್ಣನೇ ಪರದೆಯ ಮೇಲೆ ಎಂಟು ಸಲ ಓಡಾಡಿದ. ಪ್ರತಿ ಸಲವೂ ಇವನು ಅವನ ಹೆಗಲ ಮೇಲೆ ಕೈಯಿಟ್ಟು ಇತ್ತ, ಇತ್ತ ನೋಡು ಎಂದು ತಿರುಗಿಸಿದ. ಮೂರೂವರೆಗೆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿಸಿ ಮುಖ ತೊಳೆದುಕೊಂಡು ತಲೆ ಬಾಚಿಕೊಂಡ.

ಸಭೆಯ ಕೋಣೆಯಲ್ಲಿ ಇದ್ದವರು ಪ್ರೊಫೆಸರು, ಗಿಣಿ, ಮತ್ತು ಪಂಜರ ತೊಳೆಯುವ ಇಬ್ಬರು. ಪ್ರೊಫೆಸರ ಕಾಲರಿನ ಮೇಲೆ ಪ್ರಯಾಣದ ಕೊಳೆ ಇತ್ತು. ಗಿಣಿ ಅವರ ಮುಂದೆ ಒಂದು ಲಕೋಟೆ ಇಟ್ಟಳು, ಬೀರುವಿನದಲ್ಲ, ಬೇರೆಯದು. ಅವರು ಅದರತ್ತ ನೋಡದೆ ಪರದೆಯ ಮೇಲಿನ ಹದಿನಾರು ಅಂಕಿಗಳನ್ನು ನೋಡಿದರು. ಎಂಟು ಎತ್ತರದಲ್ಲಿದ್ದವು, ಎಂಟು ನೆಲದಲ್ಲಿ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದು... ಅಂದ್ರೆ, ಒಂದು ಅರ್ಥದಲ್ಲಿ... ಇದು ಯಾವ ತಂಡ?"

"ನಾಲ್ಕನೇದು ಸಾರ್. ಹೋದ ಮೂರರಷ್ಟೇ ಚೊಕ್ಕ," ಎಂದ ಇವನು.

"ನಾಲ್ಕನೇದು ಇನ್ನೂ ಶುರುವೇ ಆಗಿಲ್ಲವಲ್ರೀ. ಮದ್ದೇ ಬಂದಿಲ್ಲ. ಇದು ಹೊಸ ಕ್ಯಾಮೆರಾ ನೋಡೋದಕ್ಕೆ ಅಂತ ಮಾಡಿದ್ದು. ಎಲ್ಲಾ ಮಾಮೂಲಿ ಇಲಿಗಳು. ತಲೆ ಕೆಡಿಸೋದೂ ಕೊಟ್ಟಿಲ್ಲ, ಸರಿಮಾಡೋದೂ ಕೊಟ್ಟಿಲ್ಲ. ಅಲ್ಲಾಮ್ಮಾ?"

"ಹದಿನಾರಕ್ಕೂ ಉಪ್ಪುನೀರು ಸಾರ್," ಗಿಣಿ ಲಕೋಟೆಯಿಂದ ಕಾಗದ ತೆಗೆದು ತೋರಿಸಿದಳು. ಆಮೇಲೆ ಇವನ ಕಡೆ ತಿರುಗಿ, ಎರಡು ಸಲ ಗಂಟಲು ಸರಿಪಡಿಸಿಕೊಂಡು, ಪ್ರೊಫೆಸರ ದನಿಯಲ್ಲಿ ಅಂದಳು: "ತೆರೀಬಾರ್ದು ಕಣ್ರೀ. ಅಂದ್ರೆ, ಒಂದು ಅರ್ಥದಲ್ಲಿ ತೆರೀಬಹುದು."

ಪಂಜರ ತೊಳೆಯುವವರಿಗೆ ಮೊದಲು ನಗು ಬಂತು. ಪ್ರೊಫೆಸರ ದನಿಯನ್ನು ಪ್ರೊಫೆಸರ ಎದುರೇ ಕೇಳಿದ ಸಂತೋಷ ಅದು, ಮಿಕ್ಕದ್ದು ಅವರಿಗೆ ಬೇಕಿರಲಿಲ್ಲ. ಪ್ರೊಫೆಸರೂ ಅರ್ಧ ನಕ್ಕರು. ಗಿಣಿ ಮೇಜಿಗೆ ಹಣೆಯಿಟ್ಟು ನಕ್ಕಳು: "ಒಂದು ಇಲಿಗೂ ಇನ್ನೊಂದು ಇಲಿಗೂ ಕೂದಲಷ್ಟು ವ್ಯತ್ಯಾಸ ಇಲ್ಲ ಸಾರ್! ನಾಲ್ಕನೇ ತಂಡ ಅಂದಿದ್ದೂ ನಾನೇ, ಪಟ್ಟಿ ಬರೆದು ಡ್ರಾಯರಿನಲ್ಲಿಟ್ಟಿದ್ದೂ ನಾನೇ, ಬಾಯಿಗೆ ಬಂದ ಎಂಟು ನಂಬರು!" ಇವನು ಪರದೆಯನ್ನೇ ನೋಡುತ್ತಿದ್ದ. ತನ್ನ ಮುಖ ಕೆಂಪಾಗುತ್ತಿದೆಯೋ ಬಿಳಿಚುತ್ತಿದೆಯೋ ಗೊತ್ತಾಗಲಿಲ್ಲ. ಇವರೆಲ್ಲ ಎಷ್ಟು ಕ್ಷುಲ್ಲಕರು ಎಂದು ಎಂದಿನಂತೆ ಅಂದುಕೊಳ್ಳಲು ಹೋದ. ಆ ಮಾತು ಅರ್ಧ ದಾರಿಗೆ ಬಂದು, ಹೋಗಬೇಕಾದ ಮನೆ ಯಾವುದೆಂದು ಮರೆತವರ ಹಾಗೆ ನಿಂತುಬಿಟ್ಟಿತು. ಎಲ್ಲರಿಗಿಂತ ಮೊದಲು ನಗು ನಿಂತದ್ದು ಪ್ರೊಫೆಸರದು.

"ಹಾಗಾದ್ರೆ ಹಿಂದಿನ ಮೂರು?" ಎಂದರು. ಇವನು ಬಾಯಿ ತೆರೆಯುವ ಮೊದಲೇ ತಾವೇ ಕೈ ಅಡ್ಡ ಹಿಡಿದರು. "ಅವು ಸರಿಯಾಗಿವೆ ತಾನೆ? ಅವನ್ನ ಪ್ರಕಟಣೆಗೆ ಕಳಿಸಿ ಆಗಿದೆ. ಸರಿಯಾಗಿವೆ ಅಲ್ವೇನ್ರೀ?"

ಅವರ ಕಣ್ಣಿನಲ್ಲಿದ್ದದ್ದು ಪ್ರಶ್ನೆಯಲ್ಲ, ಅಂಗಲಾಚಿಕೆ. ಹೂಂ ಅನ್ನು, ಒಂದು ಅರ್ಥದಲ್ಲಿ ಅನ್ನು, ಸಾಕು. ಹೂಂ ಎಂದುಬಿಟ್ಟರೆ ಮೂರು ತಂಡ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ನಾಳೆ ಡಾಕ್ಟರ ಮುಂದೆ ಇಡುವುದಕ್ಕೆ ಮೆಟ್ಟಿಲಿನಂಥ ಚಿತ್ರ ಉಳಿಯುತ್ತದೆ. ಕನ್ನಡಿಗೆ ಟವೆಲು ಹೊದಿಸಿ ಅಣ್ಣ ಕಣ್ಣ ಮುಂದೆ ನಿಂತಿದ್ದ.

"ಇಲ್ಲ ಸಾರ್," ಎಂದ. "ಮೂರಕ್ಕೂ ಪಟ್ಟಿ ನೋಡ್ಕೊಂಡೇ ಅಳೆದಿದ್ದು."

ಪಂಜರ ತೊಳೆಯುವವರು ಈಗಲೂ ತಮಾಷೆಯೆಂದೇ ತಿಳಿದು ಮತ್ತೊಮ್ಮೆ ನಕ್ಕು, ಗಿಣಿಯ ಮುಖ ನೋಡಿ ನಿಲ್ಲಿಸಿದರು. ಅವಳ ಬಾಯಿ ಯಾರ ದನಿಯನ್ನೂ ಹಿಡಿಯದೆ ತೆರೆದುಕೊಂಡಿತ್ತು. "ನಾನು... ಇದೊಂದು ಸಲ ಸುಮ್ನೆ ಕಾಲೆಳೆಯೋಣ ಅಂತ..." ಎಂದಳು, ತನ್ನದೇ ದನಿಯಲ್ಲಿ. ಅದು ಅಷ್ಟು ಸಣ್ಣದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಪ್ರೊಫೆಸರು ಪರದೆ ಆರಿಸಿ, "ನೀವು ದಣಿದಿದೀರಿ. ಏನೇನೋ ಮಾತಾಡ್ತಿದೀರಿ. ನಾಳೆ ನೋಡೋಣ," ಎಂದು ತಮ್ಮ ಚೀಲ ಎತ್ತಿಕೊಂಡರು. ನಿಜ ಹೇಳಿದವನನ್ನು ದಣಿದವನೆನ್ನುವ ಜಾತಿ. ತಾನೂ ಅದೇ ಜಾತಿಯೇ. ಅತ್ತಿಗೆ ಅತ್ತಾಗ, ನಿಮಗೆ ನಿದ್ದೆಗೆಟ್ಟು ಹಾಗನ್ನಿಸುತ್ತಿದೆ ಎಂದಿದ್ದ.

ಬಸ್ಸು ಹತ್ತಲಿಲ್ಲ, ನಡೆದ. ಕಾಲುದಾರಿಯ ಮೇಲೆ ಕಬ್ಬಿಣದ ಮುಚ್ಚಳಗಳು ಬಂದವು, ಒಂದೊಂದರ ಕೆಳಗೂ ವಾಲ್ವು. ಅವನು ಒಂದನ್ನೂ ಮೆಟ್ಟದೆ ಬದಿಯಿಂದ ಹೋದ. ತಿರಸ್ಕಾರವೆಂಬುದು ಒಳ್ಳೆಯ ಕೊಡೆ, ಎಲ್ಲರ ಮೇಲೂ ಅಡ್ಡ ಹಿಡಿಯಬಹುದು. ಈಗ ಅದು ಗಾಳಿಗೆ ತಿರುವುಮುರುವಾಗಿ ಕಡ್ಡಿಗಳೆಲ್ಲ ಅವನ ಕಡೆಗೇ ಚಾಚಿಕೊಂಡಿದ್ದವು. ಏನು ಹೇಳುವುದು? ನಿಮ್ಮ ಗಂಡನಿಗೆ ಎರಡು ತಿಂಗಳು ನನ್ನ ಹೆಬ್ಬೆರಳು ತಿನ್ನಿಸಿದೆ ಎಂದೇ? ಒಂದೇ ಸಮಾಧಾನವಿತ್ತು, ಅದನ್ನು ಅವನು ನಾಯಿ ಮೂಳೆ ಕಚ್ಚಿಕೊಂಡ ಹಾಗೆ ಕಚ್ಚಿಕೊಂಡು ನಡೆದ: ಇಲಿಗಳದು ಸುಳ್ಳಾದರೂ ಅಣ್ಣನದು ಸುಳ್ಳಲ್ಲ. ಮೂರು ವಾರದಿಂದ ಅಣ್ಣ ಹೊಸ ಕಪ್ಪನ್ನೇ ನೋಡುತ್ತಿದ್ದಾನೆ. ಅಲ್ಲಿ ಪಟ್ಟಿಯಿಲ್ಲ, ಲಕೋಟೆಯಿಲ್ಲ.

ಅಡುಗೆಮನೆಯಲ್ಲಿ ಅತ್ತಿಗೆ ಬಟಾಣಿ ಬಿಡಿಸುತ್ತಿದ್ದಳು. ಅಣ್ಣ ಎದುರು ಕೂತು ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಇವನು ಚಪ್ಪಲಿ ಬಿಡದೆ ನಿಂತೇ ಹೇಳಿದ.

"ಅತ್ತಿಗೆ, ನಾಳೆ ಹಳೇ ಮಾತ್ರೆನೇ ಬರೆಸಿ. ಇಲಿಗಳ ಅಳತೆಯೆಲ್ಲ ಸುಳ್ಳು. ನಾನೇ ಸುಳ್ಳು ಬರೆದಿದ್ದು. ಇವತ್ತು ಎಲ್ಲರೆದುರು ಸಿಕ್ಕಿಬಿದ್ದೆ. ನನ್ನ ನಂಬ್ಕೊಂಡು ನೀವು ಎರಡು ತಿಂಗಳು..."

"ಎರಡು ತಿಂಗಳು ಯಾರು ನಂಬಿದ್ರು?" ಅತ್ತಿಗೆ ತಲೆ ಎತ್ತಲಿಲ್ಲ. "ಬೆಳಿಗ್ಗೆ ಹೇಳ್ಬೇಕು ಅಂದಿದ್ದು ಅದೇ. ಹಳೇದೇ ಕೊಡ್ತಿದೀನಿ."

"ಯಾವಾಗಿಂದ?"

"ಇವತ್ತಿಗೆ ಇಪ್ಪತ್ತೆರಡು ದಿನ. ಡಾಕ್ಟರಿಗೆ ನಾನೇ ಫೋನ್ ಮಾಡ್ದೆ. ಹೇಗೆ ಬದಲಾಯಿಸ್ಬೇಕು ಅಂತ ಅವ್ರೇ ಹೇಳಿದ್ರು. ಹೊಸ ಡಬ್ಬಿಗೆ ಹಳೇದು ತುಂಬಿಟ್ಟೆ. ನೀನು ದಿನಾ ಡಬ್ಬಿ ನೋಡ್ತಿದ್ದೆಯೇ ಹೊರತು ಮಾತ್ರೆ ನೋಡ್ಲಿಲ್ಲ. ನಿಂಗೆ ಹೇಳಿದ್ರೆ ಇಲಿ ಕಥೆ ಶುರು ಮಾಡ್ತಿದ್ದೆ. ಹೇಳ್ದೇ ಇದ್ದಿದ್ದು ತಪ್ಪು. ಬೈಯೋದಾದ್ರೆ ಬೈ."

ಇಪ್ಪತ್ತೆರಡು ದಿನ. ಅವನು ನೋಟ್‌ಬುಕ್ಕು ತೆಗೆದ. ಎಂಟು, ಒಂಬತ್ತು, ಹನ್ನೊಂದು, ಹದಿನಾಲ್ಕು: ಹೊಸ ಮಾತ್ರೆಯ ಇಪ್ಪತ್ತೆರಡು ದಿನಗಳ ಪವಾಡ. "ಹಾಗಿದ್ರೆ ಹಳೇ ಮಾತ್ರೆಲೇ ನೆನಪು ಬಂತಾ?" ಎಂದ. ತೊದಲಿದ. "ಅಣ್ಣಾ, ನೀನು ಹೊಸ ಕಪ್ಪನ್ನೇ ನೋಡ್ತಿದ್ದೆ. ದಿನಾ ನೋಡ್ತಿದ್ದೆ. ಯಾವುದು ಹೊಸದು ಅಂತ ನಿಂಗೆ ನೆನಪಿರ್ತಿತ್ತು ತಾನೆ?"

ಅಣ್ಣ ಸಿಪ್ಪೆಯ ಸಾಲನ್ನು ಬೆರಳಿನಿಂದ ನೇರ ಮಾಡಿದ. ಉತ್ತರ ಹುಡುಕಲು ಅವನಿಗೆ ಎಂದಿನಷ್ಟೇ ಹೊತ್ತು ಹಿಡಿಯಿತು.

"ಇಲ್ವೋ," ಎಂದ. "ಏನೂ ನೆನಪಿರ್ತಿರ್ಲಿಲ್ಲ. ನೀನು ಉಸಿರು ಕಟ್ಕೊಂಡು ಒಂದು ಕಡೆನೇ ನೋಡ್ತಾ ಕೂತಿರ್ತಿದ್ದೆ. ನಿನ್ನ ಮೂಗು ಯಾವ ಕಡೆ ತಿರುಗಿದ್ಯೋ ಆ ಕಡೆ ನೋಡ್ತಿದ್ದೆ. ನೋಡಿದ್ರೆ ನಿಂಗೆ ಖುಷಿ ಆಗ್ತಿತ್ತು. ಅದು ಮಾತ್ರ ನೆನಪಿರ್ತಿತ್ತು, ಅದ್ ಹೇಗೋ."

ಅತ್ತಿಗೆ ಬಟಾಣಿಯ ತಟ್ಟೆ ಕೆಳಗಿಟ್ಟಳು. ಸೆರಗಿನ ಹಿಂದಿನಿಂದ ಅವಳ ಭುಜ ಅಲುಗತೊಡಗಿತು. ನಗಬಾರದೆಂದು ಹಿಡಿದುಕೊಂಡು, ಆಗದೆ, "ಇಲಿ... ಇಲಿನೇ ನಿನ್ನ ಅಳೀತಿತ್ತಲ್ಲೋ!" ಎಂದಳು. ಅಣ್ಣನಿಗೆ ಯಾಕೆಂದು ಪೂರ್ತಿ ಹೊಳೆಯದೆ, ಹೆಂಡತಿ ನಗುತ್ತಿದ್ದಾಳೆಂದು, ನಿಧಾನವಾಗಿ ನಗು ಬಂತು, ಭಾರದ ನಾಲಿಗೆಯ ಮೇಲೆ ಉರುಳಿ ಉರುಳಿ. ತಮ್ಮ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದ. ಕೆಲಸ ಹೋಯಿತು, ಹನ್ನೊಂದು ವರ್ಷ ಹೋಯಿತು, ಅಣ್ಣನ ನಕ್ಷೆಗಳು ಹೋದದ್ದು ಹೋದದ್ದೇ. ಅಣ್ಣ ಮಾತ್ರ ಇಪ್ಪತ್ತೆರಡು ದಿನದಿಂದ ನಿದ್ದೆ ಮಾಡುತ್ತಿದ್ದ, ಇವನನ್ನು ಯಾರೂ ಕೇಳದೆ. ಇವನಿಗೆ ಮೊದಲು ಕೆಮ್ಮು ಬಂತು, ಅದು ಕೆಮ್ಮಾಗಿ ಉಳಿಯಲಿಲ್ಲ. ಅವನು ಕುಸಿದು ಅಲ್ಲೇ ನೆಲದ ಮೇಲೆ ಕೂತು, ತೊಡೆ ಬಡಿದುಕೊಂಡು, ಮೂಗು ಬಾಯಿ ಎಲ್ಲ ಒದ್ದೆಯಾಗುವಂತೆ ನಕ್ಕ. ಅತ್ತಿಗೆ ನಗು ನಿಲ್ಲಿಸಿ ನೀರು ತರಲು ಎದ್ದಳು. ಅಣ್ಣನೂ ನಿಲ್ಲಿಸಿ ಗಾಬರಿಯಿಂದ ತಮ್ಮನ ಬೆನ್ನು ಸವರತೊಡಗಿದ. ಅವನು ನಗುತ್ತಲೇ ಇದ್ದ, ಇಬ್ಬರೂ ಸೇರಿ ನಕ್ಕದ್ದಕ್ಕಿಂತ ಗಟ್ಟಿಯಾಗಿ.